ಉಡಿ ತುಂಬಿಸಿಕೊಂಡ ಮೇಲೆ ಬರೆಸಿದ ಹೇಳಿಕೆ

ಕಾರು ಓಡಿಸುತ್ತ ಫೋನಿನಲ್ಲಿ ಮಾತಾಡುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತವನು ಕಿವಿಗೆ ಫೋನ್ ಒತ್ತಿಕೊಂಡು ನಗುತ್ತಿದ್ದರೆ ರಿಕ್ಷಾದಿಂದ ಇಳಿದು ಹೋಗಿ ಬೈದದ್ದೂ ಉಂಟು. ನಿನಗೇನಮ್ಮ ಅದರಿಂದ ಎಂದು ಅವರು ಮರಾಠಿಯಲ್ಲಿ ಕೇಳುತ್ತಾರೆ. ನನಗೇನು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಅದು ಎರಡು ಸಾವಿರದ ಇಸವಿಯ ಆಚೀಚೆ. ಪುಣೆಯಲ್ಲಿ ಮೊಬೈಲ್ ಇನ್ನೂ ದೊಡ್ಡಸ್ತಿಕೆಯ ವಸ್ತು. ಇದ್ದವರು ಅಂಗಿಯ ಜೇಬಿನಿಂದ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಳ್ಳುತ್ತಿದ್ದರು. ನಾವು ಧನಕವಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಧಾರವಾಡದ ಕಡೆಯಿಂದ ಬಂದು ಇಲ್ಲಿಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವರು. ರಸ್ತೆ ದಾಟುವುದನ್ನೂ ಟೈಪು ಮಾಡಿದಷ್ಟೇ ಜೋಪಾನವಾಗಿ ಮಾಡುವ ಮನುಷ್ಯ. ಬಲಕ್ಕೆ ನೋಡುವುದು, ಎಡಕ್ಕೆ ನೋಡುವುದು, ಮತ್ತೆ ಬಲಕ್ಕೆ. ಅವ್ವ ಮತ್ತು ನಾನು ಅಷ್ಟರಲ್ಲಿ ಆಚೆ ದಡ ಸೇರಿ ಅವರನ್ನು ನೋಡಿ ನಗುತ್ತಿದ್ದೆವು.

ಒಂದು ಮಂಗಳವಾರ ಬೆಳಿಗ್ಗೆ, ಬಸ್ ಸ್ಟಾಪಿಗೆಂದು ಸಾತಾರಾ ರಸ್ತೆಯ ಬಿಳಿ ಪಟ್ಟಿಗಳ ಮೇಲೆ ದಾಟುತ್ತಿದ್ದ ಅವರಿಗೆ ಕಾರೊಂದು ಗುದ್ದಿತು. ಬಲತೊಡೆಯ ಎಲುಬು ಎರಡು ಕಡೆ ಮುರಿಯಿತು. ಕಾರಿನವನೇ ಅವರನ್ನು ಆಸ್ಪತ್ರೆಗೆ ತಂದು ಸೇರಿಸಿದ. ಅಷ್ಟರ ಮಟ್ಟಿಗೆ ಅವನು ಒಳ್ಳೆಯವನೇ, ಇಲ್ಲವೆನ್ನುವುದಿಲ್ಲ.

ಮರುದಿನ ಬೆಳಿಗ್ಗೆ ಅವನ ತಾಯಿ ವಾರ್ಡಿಗೆ ಬಂದಳು. ನಾವು ಮಾತಾಡುವುದನ್ನು ಕೇಳಿ ಬಾಗಿಲಲ್ಲೇ ನಿಂತಳು. “ಅಯ್ಯ, ನೀವು ನಮ್ಮ ಕಡೆಯವರೇನ್ರಿ ಅಕ್ಕಾರ? ನನ್ನ ತವರಮನಿನೂ ಧಾರವಾಡ ಕಡೀನ ರೀ,” ಎಂದಳು. ಅಷ್ಟು ಸಾಕಾಯಿತು. ಪರ ಊರಿನ ಆಸ್ಪತ್ರೆಯಲ್ಲಿ, ಡೆಟಾಲ್ ವಾಸನೆಯ ನಡುವೆ, ಕನ್ನಡದ ಒಂದು ಮಾತು ಕಿವಿಗೆ ಬಿದ್ದದ್ದಕ್ಕೆ ಅವ್ವ ಕರಗಿ ನೀರಾದಳು. ಇಬ್ಬರೂ ಕೈಕೈ ಹಿಡಿದು ಅತ್ತರು. ಮಧ್ಯಾಹ್ನ ಆ ಹೆಂಗಸು ಚಪಾತಿ, ಝುಣಕ ಕಟ್ಟಿಕೊಂಡು ಮತ್ತೆ ಬಂದಳು. ಜೊತೆಗೆ ಕುಪ್ಪಸಕ್ಕೆ ಒಂದು ಖಣ, ತೆಂಗಿನಕಾಯಿ, ಅಕ್ಕಿ. “ತವರಿನ ಕಡೆಯಾಕಿ ಅಂತ ತಿಳೀರಿ,” ಎಂದು ಹೇಳಿ ಅಪ್ಪನ ಮಂಚದ ಪಕ್ಕದಲ್ಲೇ ಅವ್ವನಿಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಅವ್ವ ಸೆರಗೊಡ್ಡಿ ತುಂಬಿಸಿಕೊಂಡಳು. ನಮ್ಮಲ್ಲಿ ಉಡಿ ತುಂಬಿದವರು ಅಂದರೆ ಒಡಹುಟ್ಟಿದವರಿದ್ದಂತೆ. ಈಗ ನೆನೆದರೆ ಆ ಕಾಯನ್ನು ಅಲ್ಲೇ ನೆಲಕ್ಕೆ ಕುಕ್ಕಬೇಕಿತ್ತು ಅನಿಸುತ್ತದೆ.

ಅವಳು ಹೋಗಿ ಅರ್ಧ ಗಂಟೆಯಾಗಿತ್ತು. ಹೇಳಿಕೆ ಬರೆದುಕೊಳ್ಳಲು ಹವಾಲ್ದಾರ ಬಂದ. ಅಪ್ಪನಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು, ಆದರೆ ಆ ನೋವಿನಲ್ಲಿ, ಔಷಧಿಯ ಮಂಪರಿನಲ್ಲಿ ಬಾಯಿಂದ ಹೊರಡುತ್ತಿದ್ದದ್ದು ಕನ್ನಡವೊಂದೇ. ಹವಾಲ್ದಾರ ನನ್ನ ಕಡೆ ನೋಡಿ, ಅವರು ಹೇಳಿದ್ದನ್ನು ನೀನು ಮರಾಠಿಯಲ್ಲಿ ಹೇಳು ಎಂದ. ನನಗೆ ಆಗ ಇಪ್ಪತ್ತಮೂರು ವರ್ಷ. ಕಾಲೇಜು ಮುಗಿಸಿದವಳು, ತಿಳಿವಳಿಕೆ ಇಲ್ಲದ ಮಗುವೇನೂ ಆಗಿರಲಿಲ್ಲ.

“ಅವನ ಕಿವಿಗೆ ಫೋನ್ ಇತ್ತು,” ಎಂದರು ಅಪ್ಪ ಕಣ್ಣು ಮುಚ್ಚಿಕೊಂಡೇ. “ಒಂದ ಕೈಯಾಗ ಕಾರ್ ಹೊಡೀಲಿಕ್ಹತ್ತಿದ್ದ. ನಗಲಿಕ್ಹತ್ತಿದ್ದ. ನನ್ನ ಕಡೆ ನೋಡಲೇ ಇಲ್ಲ.”

ಅವ್ವ ನನ್ನ ಮೊಣಕೈ ಹಿಡಿದಳು. “ಫೋನಿಂದು ಹೇಳಬ್ಯಾಡವಾ. ಈಗಷ್ಟ ಉಡಿ ತುಂಬಿಸಿಕೊಂಡೀನಿ. ಆಕೀ ಮಗನ್ನ ಜೇಲಿಗೆ ಹಾಕಿಸಿ ನಾ ಹ್ಯಾಂಗ ಇರ್ಲಿ?”

ಹವಾಲ್ದಾರ ಪೆನ್ನು ಎತ್ತಿ, ಇನ್ನೇನು ಹೇಳಿದರು ಎಂದು ಕೇಳಿದ. “ಕಾಹೀ ನಾಹೀ,” ಎಂದೆ ನಾನು. ಏನೂ ಇಲ್ಲ. ಅವನು ಬರೆದದ್ದರ ಕೆಳಗೆ ಅಪ್ಪ ಮಂಪರಿನಲ್ಲೇ ಸಹಿ ಹಾಕಿದರು. ನಾನು ಬರೆಸಿದ್ದೇನೆಂದು ಅವರು ಓದಿ ನೋಡುವ ಗೋಜಿಗೆ ಹೋಗಲಿಲ್ಲ.

ತವರಿನ ಪ್ರೀತಿ ಎರಡು ತಿಂಗಳು ಬಾಳಿತು. ಅಪ್ಪನಿಗೆ ಎರಡನೆಯ ಶಸ್ತ್ರಚಿಕಿತ್ಸೆ ಆಗಬೇಕು ಎಂದು ಡಾಕ್ಟರು ಹೇಳಿದ ಮೇಲೆ ಆ ಹೆಂಗಸು ಬರುವುದನ್ನು ನಿಲ್ಲಿಸಿದಳು. ಅಪ್ಪನ ಕಾಲು ಗಿಡ್ಡವಾಯಿತು, ನೌಕರಿ ಹೋಯಿತು. ನಾವು ಅಪಘಾತ ಪರಿಹಾರದ ನ್ಯಾಯಾಲಯಕ್ಕೆ ಹೋದೆವು. ಅಪ್ಪನಿಗೆ ಬೇಕಾಗಿದ್ದದ್ದು ಒಂದೇ. “ತಪ್ಪು ನಂದಲ್ಲ ಅಂತ ಕೋರ್ಟಿನವರು ಬರದು ಕೊಡಬೇಕು,” ಎನ್ನುತ್ತಿದ್ದರು.

ಕಾರಿನವನ ಉತ್ತರ ಬಂತು. ಪಾದಚಾರಿ ಆಚೀಚೆ ನೋಡದೆ ಓಡಿ ಕಾರಿಗೆ ಅಡ್ಡಬಂದ, ಚಾಲಕನ ಗಮನವೆಲ್ಲ ರಸ್ತೆಯ ಮೇಲೆಯೇ ಇತ್ತು ಎಂದು ಅದರಲ್ಲಿತ್ತು. ನೋಡದೆ, ನನ್ನ ಅಪ್ಪ! ಚಪಾತಿ ಕಟ್ಟಿ ತಂದ ಮನೆಯವರು ಬರೆಸಿದ ಮಾತು ಅದು. ಅದನ್ನು ಓದಿ ನಮ್ಮ ವಕೀಲರು ಪೊಲೀಸರ ಕಾಗದದ ನಕಲನ್ನು ಮೇಜಿನ ಮೇಲಿಟ್ಟರು. ಮೊದಲ ದಿನವೇ ಫೋನಿನ ಮಾತು ಇದರಲ್ಲಿ ಬಂದಿದ್ದರೆ ಮೊಬೈಲ್ ಕಂಪನಿಯಿಂದ ಆ ಹೊತ್ತಿನ ಕರೆಗಳ ಪಟ್ಟಿ ತರಿಸಬಹುದಿತ್ತು, ಈಗ ಅದೆಲ್ಲಿ ಸಿಗುತ್ತದೆ ಎಂದರು. ಅಪ್ಪ ಆ ಕಾಗದವನ್ನು ಮೊದಲ ಬಾರಿಗೆ ಓದಿದರು. ಎರಡು ಸಲ ಓದಿದರು. “ಇದರಾಗ ಫೋನಿನ ಮಾತ ಎಲ್ಲಿ ಅದ?” ಎಂದು ನನ್ನನ್ನು ಕೇಳಿದರು. ನಾನು ಅಲ್ಲೇ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಕಾಗದವನ್ನು ಮಡಚಿ ವಕೀಲರಿಗೆ ವಾಪಸು ಕೊಟ್ಟರು.

ನನ್ನನ್ನು ಸಾಕ್ಷಿಗೆ ಕರೆಯಿರಿ, ಫೋನಿನ ಮಾತು ಬಿಟ್ಟದ್ದು ನಾನು ಎಂದು ಹೇಳುತ್ತೇನೆ ಎಂದು ನಾನು ವಕೀಲರಿಗೆ ಹೇಳಿದೆ. ಅಪ್ಪ ಒಪ್ಪಲಿಲ್ಲ. “ಪೊಲೀಸರಿಗೆ ಸುಳ್ಳು ಬರಸಿದಾಕಿ ಅಂತ ನನ್ನ ಮಗಳನ್ನ ಕಟಕಟೆಯಾಗ ನಿಲ್ಲಸೂದಿಲ್ಲ,” ಎಂದರು. ಮದುವೆಯಾಗಬೇಕಾದ ಹುಡುಗಿ ಎಂಬ ಲೆಕ್ಕ ಅವರದು.

ನ್ಯಾಯಾಲಯದಲ್ಲಿ ಕಾರಿನ ವಿಮೆ ಕಂಪನಿಯ ವಕೀಲ ಆ ಹೇಳಿಕೆಯನ್ನು ಅಪ್ಪನ ಮುಖದೆದುರು ಹಿಡಿದ. ಅಂದು ಇಲ್ಲದ ಫೋನ್ ಇಂದು ಎಲ್ಲಿಂದ ಬಂತು ಎಂದು ಕೇಳಿದ. ಅಪ್ಪ ಊರುಗೋಲಿನ ಮೇಲೆ ಭಾರ ಹಾಕಿ ನೆಟ್ಟಗೆ ನಿಂತರು. ಆಮೇಲೆ ಸ್ವಚ್ಛವಾದ ಮರಾಠಿಯಲ್ಲಿ, ಅಂದು ನಾನೇ ಹೇಳಿರಲಿಲ್ಲ ಎಂದರು. ಸುಳ್ಳು. ಬದುಕಿನಲ್ಲಿ ಅವರು ಹೇಳಿದ ಬೇರೆ ಸುಳ್ಳು ನನಗೆ ಗೊತ್ತಿಲ್ಲ.

ತೀರ್ಪು ಬಂತು. ಫೋನ್ ಇತ್ತೆಂಬುದಕ್ಕೆ ಆಧಾರವಿಲ್ಲ, ತಪ್ಪು ಇಬ್ಬರದೂ, ಅರ್ಧರ್ಧ. ಅವ್ವ ಅಂದು ರಾತ್ರಿ ಊಟ ಮಾಡಲಿಲ್ಲ. ನಾನು ಆ ಹೆಂಗಸನ್ನು, ಅವಳ ಮಗನನ್ನು, ಅವ್ವನನ್ನು, ಎಲ್ಲರನ್ನೂ ಬಾಯಿಗೆ ಬಂದಂತೆ ಬೈದೆ. ನನ್ನನ್ನು ಬೈದುಕೊಳ್ಳುವುದಕ್ಕೆ ಎಷ್ಟೋ ವರ್ಷ ಬೇಕಾದವು.

ಅಪ್ಪ ಆಮೇಲೆ ಏಳು ವರ್ಷ ಬದುಕಿದರು. ಮನೆಗೆ ಬಂದವರು ಕಾಲು ನೋಡಿ, ಇದೇನಾಯಿತು ಎಂದು ಕೇಳಿಯೇ ಕೇಳುತ್ತಿದ್ದರು. “ಗಾಡಿ ಬಡೀತ್ರಿ. ಅರ್ಧ ತಪ್ಪು ನಂದೂ ಇತ್ತು,” ಎನ್ನುತ್ತಿದ್ದರು ಅಪ್ಪ, ಒಳಗಿದ್ದ ನನಗೂ ಕೇಳಿಸುವಷ್ಟು ಗಟ್ಟಿಯಾಗಿ. ನಾನು ಚಹಾ ಸೋಸುತ್ತ ನಿಂತಿರುತ್ತಿದ್ದೆ. ಆ ಅರ್ಧ ನನ್ನದು ಎಂದು ಒಂದು ಸಲವೂ ಹೊರಗೆ ಬಂದು ಹೇಳಲಿಲ್ಲ.