ದೊಡ್ಡ ಚಾಳೀಸಿನ ಮೆಹನಾಜ

ಮೆಹನಾಜ ನದಾಫ ಅವರಿಗೆ ಫಿಸಿಯೋಥೆರಪಿಯ ಪದವಿ ಇಲ್ಲ. ಪಿಯುಸಿ ಇದೆ. ರೋಣದ ಒಂದು ಖಾಸಗಿ ದವಾಖಾನೆಯಲ್ಲಿ ಆರು ವರ್ಷ ಗಾಯ ತೊಳೆದು ಪಟ್ಟಿ ಕಟ್ಟಿದ ಅನುಭವ ಇದೆ. ಹುಬ್ಬಳ್ಳಿಯಲ್ಲಿ ಪಡೆದ ಹನ್ನೊಂದು ದಿನದ ತರಬೇತಿ ಇದೆ. ಇಷ್ಟನ್ನೇ ನೆಚ್ಚಿಕೊಂಡು ಅವರು ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಒಂಬತ್ತು ಮನೆಗಳಿಗೆ ಹೋಗಿ ಲಕ್ವಾ ಹೊಡೆದವರ ಕೈಕಾಲು ಆಡಿಸುತ್ತಾರೆ.

ಜನವರಿಯ ಚಳಿ. ಬೆಳಗಿನ ಐದೂಮುಕ್ಕಾಲಕ್ಕೆ ಅವರು ರೋಣದ ಬಸ್ ನಿಲ್ದಾಣದಲ್ಲಿ ನಿಂತಿದ್ದಾರೆ. ಚೀಲವನ್ನು ಬೆನ್ನಿಗೆ ಹಾಕದೆ ಎದೆಗೆ ಹಾಕಿಕೊಂಡಿದ್ದಾರೆ, ನೂಕಾಟದಲ್ಲಿ ಒಳಗಿನ ಸಾಮಾನು ಒಡೆಯಬಾರದೆಂದು. ಮೊದಲ ವಾರ ಕಂಡಕ್ಟರ್ ಒಳಗೇನಿದೆ ಎಂದು ಕೇಳಿದ್ದರು. ಚಾಳೀಸು, ಅಂದರೆ ಕನ್ನಡಕ, ಎಂದು ಇವರು ತೆರೆದು ತೋರಿಸಿದರು. "ಇಷ್ಟ ದೊಡ್ಡ ಚಾಳೀಸ ಹಾಕ್ಕೊಳ್ಳಾವ ಯಾರವಾ, ಕುಂಭಕರ್ಣ?" ಎಂದರಂತೆ. ಅಂದಿನಿಂದ ಆ ಹೆಸರೇ ಉಳಿದಿದೆ. ಒಂಬತ್ತೂ ಮನೆಗಳಲ್ಲಿ ಅದು ದೊಡ್ಡ ಚಾಳೀಸು.

ಕಾಗದಪತ್ರದಲ್ಲಿ ಅದರ ಹೆಸರು ವಿ.ಆರ್. ಕನ್ನಡಕ. ಕಣ್ಣಿಗೆ ಕಟ್ಟಿಕೊಂಡರೆ ಮನೆಯ ಪಡಸಾಲೆ ಮಾಯವಾಗಿ ಬೇರೆ ಜಾಗ ಕಾಣುತ್ತದೆ. ಅಲ್ಲಿ ನಿಮ್ಮ ಎರಡು ಕೈಗಳು ನೀಲಿ ಬಣ್ಣದಲ್ಲಿ ಕಾಣುತ್ತವೆ, ನಿಜವಾದ ಕೈ ಆಡಿದಂತೆ ಆಡುತ್ತವೆ. ಏನೋ ಎತ್ತಬೇಕು, ಎಲ್ಲೋ ಇಡಬೇಕು. ಎಷ್ಟು ಇಟ್ಟರೋ ಅಷ್ಟು ಅಂಕ. ಹಾಸಿಗೆಯ ಮೇಲೆ ಕೈ ಎತ್ತು, ಇಳಿಸು ಎಂದರೆ ಹತ್ತು ಸಲಕ್ಕೆ ಬೇಸರಪಡುವ ಮನುಷ್ಯ ಆಟವೆಂದರೆ ನೂರು ಸಲ ಎತ್ತುತ್ತಾನೆ ಎಂಬುದು ಈ ಯೋಜನೆ ನಡೆಸುವ ಹುಬ್ಬಳ್ಳಿಯ ಸಂಸ್ಥೆಯ ನಂಬಿಕೆ. ಒಬ್ಬರಿಗೆ ಹನ್ನೆರಡು ವಾರದ ಪಾಳಿ, ವಾರಕ್ಕೆ ಮೂರು ಸಲ, ಒಂದು ಸಲಕ್ಕೆ ನಲವತ್ತು ನಿಮಿಷ. ಅಂಕಗಳು ಮೊಬೈಲ್ ಮೂಲಕ ಹುಬ್ಬಳ್ಳಿಗೆ ಹೋಗುತ್ತವೆ. ಅಲ್ಲಿ ವಿಜಯೇಂದ್ರ ಎಂಬ ಫಿಸಿಯೋಥೆರಪಿಸ್ಟ್ ಅವುಗಳನ್ನು ನೋಡುತ್ತಾರೆ. ಒಂಬತ್ತು ಮನೆಗಳಿಗೆ ವಾರಕ್ಕೆ ಇಪ್ಪತ್ತೇಳು ಭೇಟಿ. ಬಸ್ಸು ಇದ್ದಲ್ಲಿ ಬಸ್ಸು, ಇಲ್ಲದಲ್ಲಿ ಟಂಟಂ ಆಟೊ, ಅದೂ ಇಲ್ಲದಲ್ಲಿ ನಡಿಗೆ.

ತರಬೇತಿಯಲ್ಲಿ ಹೇಳಿಕೊಡದ ಕೆಲಸಗಳನ್ನು ಮೆಹನಾಜ ತಾವೇ ಕಂಡುಕೊಂಡಿದ್ದಾರೆ. ಈ ಕಡೆಯ ಯಾವ ತಲೆಗೂ ಎಣ್ಣೆ ತಪ್ಪುವುದಿಲ್ಲ. ಎರಡೇ ದಿನಕ್ಕೆ ಕನ್ನಡಕದ ಪಟ್ಟಿ ಜಿಡ್ಡಾಗಿ, ಒಬ್ಬರ ಕೊಬ್ಬರಿ ಎಣ್ಣೆಯ ವಾಸನೆ ಇನ್ನೊಬ್ಬರ ಮೂಗಿಗೆ ಬರತೊಡಗಿತು. ಆಗ ಆಯಾ ಮನೆಯ ಹಳೆಯ ಬಟ್ಟೆಯಲ್ಲೇ ಒಂಬತ್ತು ಟೋಪಿ ಹೊಲಿದರು. ಯಾರ ಟೋಪಿ ಯಾವುದು ಎಂದು ಬಣ್ಣ ನೋಡಿಯೇ ಗೊತ್ತಾಗುತ್ತದೆ.

ಗೊಂದಲಗಳು ಮಾತ್ರ ಟೋಪಿಯಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ. ಕೊಣ್ಣೂರಿನ ಗುರುಪಾದ ನಿವೃತ್ತ ಅಂಚೆಯಣ್ಣ. ಅವರಿಗೆ ಕೊಟ್ಟದ್ದು ನಡಿಗೆಯ ಆಟ. ಕೆಳಗೆ ನೀರು ಹರಿಯುವ ಸೇತುವೆಯ ಮೇಲೆ ಹತ್ತು ಹೆಜ್ಜೆ ಇಡಬೇಕು. ಗುರುಪಾದ ಸೇತುವೆಯ ಬಾಯಿಗೆ ಬಂದು ನಿಂತುಬಿಟ್ಟರು. ಮೆಹನಾಜ ಮುಂದೆ ನಡೆಯಿರಿ ಎಂದರೆ, ನೀರು ಇಳಿಯಲಿ ತಡಿ ಎಂದರು. ಮಲಪ್ರಭೆ ಬಂದಾಗ ಸೇತುವೆ ದಾಟಬಾರದೆಂದು ಊರಿಗೆಲ್ಲ ಹೇಳಿದ ಮನುಷ್ಯ ಅವರು. ಕನ್ನಡಕದ ನೀರು ಇಳಿಯುವುದಿಲ್ಲ ಎಂದು ಒಪ್ಪಿಸಲು ಎರಡು ಭೇಟಿ ಹಿಡಿಯಿತು.

ಇದನ್ನು ನಗುತ್ತ ಹೇಳುವ ಮೆಹನಾಜ ಈ ಕೆಲಸಕ್ಕೆ ಯಾಕೆ ಬಂದಿರಿ ಎಂದರೆ ನಗುವುದಿಲ್ಲ. ಅವರ ತಂದೆ ನಬೀಸಾಬ ಅವರಿಗೂ ಲಕ್ವಾ ಹೊಡೆದಿತ್ತು. "ಆಗ ನಮಗ ಏನೂ ಗೊತ್ತಿರಲಿಲ್ರಿ. ಎಣ್ಣಿ ತಿಕ್ಕಿ ಕಂಬಳಿ ಹೊಚ್ಚಿದ್ವಿ. ನಾಲ್ಕ ವರ್ಷ ಹೊಚ್ಚೇ ಇದ್ವಿ." ಕೈಯನ್ನು ಆಡಿಸಬಹುದು, ಅದೂ ಮೊದಲ ಆರು ತಿಂಗಳಲ್ಲಿ ಆಡಿಸಿದರೆ ಹೆಚ್ಚು ಬರುತ್ತದೆ ಎಂದು ಅವರಿಗೆ ತಿಳಿದದ್ದು ಹುಬ್ಬಳ್ಳಿಯ ತರಬೇತಿಯಲ್ಲಿ. ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು.

ಹೀಗೆ ಆರು ತಿಂಗಳ ಬೆಲೆ ಗೊತ್ತಿದ್ದವರ ಕೈಯಲ್ಲೇ ಮುಶಿಗೇರಿಯ ಕಲ್ಲವ್ವನ ವಿಷಯದಲ್ಲಿ ತಪ್ಪಾಯಿತು.

ಕಲ್ಲವ್ವ ಅವರಿಗೆ ಐವತ್ತಾರು. ಗಜೇಂದ್ರಗಡದ ಖಾನಾವಳಿಯೊಂದಕ್ಕೆ ದಿನಕ್ಕೆ ನೂರಿಪ್ಪತ್ತು ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದರು. ಕಳೆದ ಶ್ರಾವಣದಲ್ಲಿ ಎಡಭಾಗಕ್ಕೆ ಲಕ್ವಾ ಹೊಡೆಯಿತು. ಕಾಲು ಸ್ವಲ್ಪ ಬಂತು, ಎಡಗೈ ಮುಷ್ಟಿ ಬಿಡಲಿಲ್ಲ. ರೊಟ್ಟಿ ಬಡಿಯುವುದು ಬಲಗೈ, ತಿರುವುವುದು ಎಡಗೈ. ಒಂದೇ ಕೈಯಿಂದ ರೊಟ್ಟಿ ಆಗುವುದಿಲ್ಲ. ರೊಟ್ಟಿ ಬಡಿಯಲು ಬರಬೇಕು, ಕಲ್ಲವ್ವ ಕೇಳಿದ್ದು ಅಷ್ಟೇ.

ಅವರ ಪಾಳಿ ಅಕ್ಟೋಬರ್ ಕೊನೆಯಲ್ಲಿ ಶುರುವಾಯಿತು. ಸಂಸ್ಥೆಯವರು ನಮ್ಮ ಜನಕ್ಕೆ ಹೊಂದಲಿ ಎಂದು ಸೇಬು ಕೀಳುವ ಆಟ ತೆಗೆದು ಪಂಕ್ತಿಯ ಆಟ ಮಾಡಿಸಿದ್ದರು. ಸಾಲಾಗಿ ಜನ ಊಟಕ್ಕೆ ಕೂತಿರುತ್ತಾರೆ. ಬುಟ್ಟಿಯಿಂದ ರೊಟ್ಟಿ ತೆಗೆದು ಅವರ ತಾಟಿಗೆ ಹಾಕುತ್ತ ಹೋಗಬೇಕು. ರೊಟ್ಟಿಯ ಕಲ್ಲವ್ವನಿಗೆ ಇದಕ್ಕಿಂತ ಒಳ್ಳೆಯ ಆಟ ಯಾವುದು ಎಂದು ಮೆಹನಾಜ ಅದನ್ನೇ ಆರಿಸಿದರು.

ಮೊದಲ ದಿನ ಯಂತ್ರಕ್ಕೆ ಮುಷ್ಟಿ ಕಟ್ಟಿದ ಕೈ ಗುರುತು ಸಿಗಲಿಲ್ಲ. ಕೈ ಕಾಣುತ್ತಿಲ್ಲ, ಕೈ ಕಾಣುತ್ತಿಲ್ಲ ಎಂದು ಮತ್ತೆ ಮತ್ತೆ ಬರತೊಡಗಿತು. ಯಾವ ಕೈಗೆ ಅಂಕ ಕೊಡಬೇಕು ಎಂದು ಆರಿಸಲು ಅದರಲ್ಲಿ ಮೂರು ಗುಂಡಿಗಳಿವೆ: ಎಡ, ಬಲ, ಎರಡೂ. ಆಟ ನಿಲ್ಲದಿರಲಿ ಎಂದು ಮೆಹನಾಜ 'ಎರಡೂ' ಒತ್ತಿದರು. ಆಮೇಲೆ ತಾವೇ ಕನ್ನಡಕ ಕಟ್ಟಿಕೊಂಡು, ಬುಟ್ಟಿಯಿಂದ ರೊಟ್ಟಿ ತೆಗೆದು ಬಡಿಸಿ ತೋರಿಸಿದರು. ಎಡಗೈಯಿಂದ ಮಾಡಿ ಎಂದೂ ಹೇಳಿದರು. ಬಳಿಕ ಸ್ಟೂಲಿನ ಮೇಲೆ ಕೂತ ಕಲ್ಲವ್ವ ಬೀಳದಂತೆ ಹಿಂದೆ ನಿಂತು ಸೊಂಟ ಹಿಡಿದರು. ತರಬೇತಿಯಲ್ಲಿ ಹಾಗೆ ಹೇಳಿದ್ದರು. ಹಿಂದೆ ನಿಂತವರಿಗೆ ಕಾಣುವುದು ಬೆನ್ನು ಮತ್ತು ಕನ್ನಡಕದೊಳಗಿನ ಆಟ ತೋರಿಸುವ, ಪಕ್ಕದ ಮೇಜಿನ ಮೇಲಿಟ್ಟ ಟ್ಯಾಬಿನ ಅಂಕ.

ಮೊದಲ ದಿನ ನಾಲ್ಕು. ಎರಡನೆಯ ವಾರ ಹನ್ನೊಂದು. ನಾಲ್ಕನೆಯ ವಾರ ಹತ್ತೊಂಬತ್ತು. ಏಳನೆಯ ವಾರ ಇಪ್ಪತ್ತಾರು. ಮೂರೂ ತಾಲ್ಲೂಕುಗಳಲ್ಲಿ ಇಷ್ಟು ಲಗೂ ಏರಿದವರು ಇನ್ನೊಬ್ಬರಿಲ್ಲ. ವಿಜಯೇಂದ್ರ ಖುಷಿಯಾಗಿ, ಉಳಿದ ಕೆಲಸಗಾರರಿಗೆ ತೋರಿಸಬೇಕು, ಎದುರಿನಿಂದ ಒಂದು ವಿಡಿಯೋ ಕಳಿಸಿ ಎಂದರು. ಕಲ್ಲವ್ವನ ಸೊಸೆ ಪೂಜಾ ಮೊಬೈಲಿನಲ್ಲಿ ತೆಗೆದರು.

ಮೆಹನಾಜ ಅದನ್ನು ನೋಡಿದ್ದು ಗಜೇಂದ್ರಗಡಕ್ಕೆ ಹೋಗುವ ಟಂಟಂನಲ್ಲಿ. ವಿಡಿಯೋದಲ್ಲಿ ಕಲ್ಲವ್ವನ ಎಡಗೈ ಮಡಿಲಲ್ಲಿ ಮುಷ್ಟಿ ಕಟ್ಟಿ ಸುಮ್ಮನೆ ಬಿದ್ದಿದೆ. ಬಲಗೈ ಸರಸರ ರೊಟ್ಟಿ ಹಾಕುತ್ತಿದೆ.

"ವಿಡಿಯೋ ತಿರುಗಾಮುರುಗಾ ಆಗೇತಿ ಅನ್ಕೊಂಡೆ. ಕನ್ನಡಿಯೊಳಗ ಕಂಡಂಗ ಎಡದ್ದು ಬಲಕ ಬಂದೇತಿ ಅಂತ" ಎನ್ನುತ್ತಾರೆ ಅವರು. ಹಿಂದಿನ ಗೋಡೆಯ ಕ್ಯಾಲೆಂಡರ್ ನೋಡಿದರು. ಅಕ್ಷರಗಳು ಸರಿಯಾಗಿಯೇ ಇದ್ದವು.

ಟಂಟಂ ಇಳಿದು ಮುಶಿಗೇರಿಗೆ ವಾಪಸು ನಡೆದರು. ಎಡಗೈ ಬಿಟ್ಟು ಬಲಗೈಯಿಂದ ಯಾಕೆ ಆಡಿದಿರಿ ಎಂದು ಕೇಳಿದಾಗ ಕಲ್ಲವ್ವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

"ಉಣ್ಣಾಕ ಕುಂತವರಿಗೆ ಎಡಗೈಲೆ ನೀಡ್ಲೇನ ತಂಗಿ? ಪಂಕ್ತ್ಯಾಗ ಹಿರಿಯಾರ ಅದಾರ. ಗಡ್ಡದಾವ ಒಬ್ಬಾವ ನನ್ನ ಮಾರೀನ ನೋಡ್ತಾನ."

ಗಂಡ ಹೂವಪ್ಪ ಏಳು ವಾರವೂ ಎದುರಿನ ಕಟ್ಟೆಯ ಮೇಲೆ ಕೂತು ನೋಡಿದವರು. ಅವರಿಗೂ ಏನೂ ತಪ್ಪು ಕಂಡಿರಲಿಲ್ಲ. "ನೀಡೂದ ಬಲಗೈಲೇ ಅಲ್ಲೇನವಾ? ನೀನೂ ಹಂಗ ತೋರಿಸಿದಿ" ಎಂದರು.

ಅದು ನಿಜ. ಮೆಹನಾಜ ಮೊದಲ ದಿನ ಬಡಿಸಿ ತೋರಿಸಿದ್ದು ಬಲಗೈಯಿಂದ. ಅವರ ಮನೆಯಲ್ಲೂ ಯಾರೂ ಎಡಗೈಯಿಂದ ಅನ್ನ ಕೊಡುವುದಿಲ್ಲ. "ಬಾಯಿಲೆ ಎಡ ಅಂದೆ, ಕೈಲೆ ಬಲ ತೋರಿಸಿದೆ. ಕಲ್ಲವ್ವ ಚಿಗವ್ವ ಕೈ ನೋಡಿ ಕಲ್ತಳು. ಆಕೀದೇನ ತಪ್ಪ?" ಟ್ಯಾಬಿನಲ್ಲೂ ಕಾಣುತ್ತಿತ್ತು. ಎರಡೂ ಕೈ ನೀಲಿ, ಹೆಬ್ಬೆರಳು ನೋಡಿದರೆ ಎಡ ಯಾವುದು ಬಲ ಯಾವುದು ತಿಳಿಯುತ್ತದೆ. ಅವರು ಹೆಬ್ಬೆರಳು ನೋಡಲಿಲ್ಲ. ಅಂಕ ಏರುತ್ತಿತ್ತು, ಅಂಕ ನೋಡಿದರು.

ಇನ್ನೊಂದು ತಾಲ್ಲೂಕಿನ ಕೆಲಸಗಾರ್ತಿಯೊಬ್ಬರು ಅಂದೇ ಸಲಹೆ ಕೊಟ್ಟರು: ಗುಂಡಿ ಬದಲಿಸು, ವಿಡಿಯೋ ಕಳಿಸಬೇಡ, ಅಂಕ ಇಳಿದರೆ ಜ್ವರ ಬಂದಿತ್ತು ಎಂದು ಬರೆ. ಮೆಹನಾಜ ವಿಡಿಯೋ ಕಳಿಸಿದರು, ಆಮೇಲೆ ಫೋನ್ ಮಾಡಿದರು. ಏಳೂ ವಾರವೇ ಎಂದು ವಿಜಯೇಂದ್ರ ಕೇಳಿದರಂತೆ. ಏಳೂ ವಾರ. ಅವರು ಬೈಯಲಿಲ್ಲ. ಯಾವ ಕೈ ಎಂದು ತಾನೂ ಕೇಳಲಿಲ್ಲ, ಅಂಕದ ಗೆರೆ ಏರುವುದನ್ನು ಮಾತ್ರ ನೋಡಿದೆ ಎಂದರು. ಅಷ್ಟು ಹೊತ್ತಿಗೆ ಕಲ್ಲವ್ವನಿಗೆ ಲಕ್ವಾ ಹೊಡೆದು ನಾಲ್ಕು ತಿಂಗಳು ಕಳೆದಿತ್ತು.

ಈಗ ಪಂಕ್ತಿಯ ಆಟ ಬಂದ್ ಆಗಿದೆ. ಎಡಗೈ ಮಾಡಬಹುದಾದ, ಮಾಡಿದರೆ ಯಾರಿಗೂ ಅವಮಾನವಾಗದ ಕೆಲಸ ಯಾವುದು ಎಂದು ಮೆಹನಾಜ ಎರಡು ದಿನ ಯೋಚಿಸಿದರು. ಉತ್ತರವನ್ನು ಪೂಜಾ ರೊಟ್ಟಿ ಬಡಿಯುತ್ತಲೇ ಕೊಟ್ಟರು. ರೊಟ್ಟಿ ತಿರುವುವ ಕೈ ಎಡಗೈ. ಕನ್ನಡಕದಲ್ಲಿ ಅಡ್ಡ ಮಲಗಿದ ಗಾಲಿಯೊಂದನ್ನು ತಿರುಗಿಸುವ ಆಟವಿದೆ. ಗಾಲಿ ಎನ್ನಬೇಡಿ, ರೊಟ್ಟಿ ಎನ್ನಿ ಎಂದು ಹೇಳಿಕೊಟ್ಟರು. ಗುಂಡಿ 'ಎಡ'ದ ಮೇಲೆ. ಯಂತ್ರಕ್ಕೆ ಕೈ ಕಾಣಲೆಂದು ಮೊದಲು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಬೆರಳು ಬಿಡಿಸುತ್ತಾರೆ. ಸೊಂಟ ಹಿಡಿಯುವ ಕೆಲಸ ಹೂವಪ್ಪ ಅವರದು. ಮೆಹನಾಜ ಎದುರಿಗೆ ಕೂತು ಕೈಯನ್ನೇ ನೋಡುತ್ತಾರೆ.

ಹೊಸ ಆಟದ ಮೂರನೆಯ ವಾರದ ಕೊನೆಯ ಭೇಟಿ ಇದು. ಕಲ್ಲವ್ವ ಕಂದು ಬಣ್ಣದ ಟೋಪಿ ಹಾಕಿ, ಕನ್ನಡಕ ಕಟ್ಟಿ ಕೂತಿದ್ದಾರೆ. ಎಡಗೈ ಹಲಗೆಯ ಮೇಲೆ ಇರುವೆಯಂತೆ ಸರಿಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳು ಬಿಟ್ಟಿವೆ, ಉಳಿದ ಮೂರು ಬಿಟ್ಟಿಲ್ಲ. ನಲವತ್ತು ನಿಮಿಷಕ್ಕೆ ಗಾಲಿ ಮೂರು ಸುತ್ತು ತಿರುಗಿದೆ. ಅಂಕ ಮೂರು. ಕನ್ನಡಕ ತೆಗೆದ ಕಲ್ಲವ್ವನ ಹಣೆಯಲ್ಲಿ ಚಳಿಯಲ್ಲೂ ಬೆವರು.

"ಮೊದಲ ಇಪ್ಪತ್ತಾರ ಬರ್ತಿತ್ತು, ಈಗ ಮೂರು. ಖರೇ ಹೇಳ ತಂಗಿ, ನಾ ಚಲೋ ಆಗಾಕತ್ತೇನೋ, ಕೆಡಾಕತ್ತೇನೋ?"

ಮೆಹನಾಜ ಆ ಇಪ್ಪತ್ತಾರು ಬಲಗೈಯದು, ಈ ಮೂರು ಎಡಗೈಯದು ಎಂದು ವಿವರಿಸುತ್ತಾರೆ. ಕಲ್ಲವ್ವ ತಲೆಯಾಡಿಸುತ್ತಾರೆ, ಆದರೆ ಒಪ್ಪಿದ ಮುಖ ಅಲ್ಲ. ಹಾಗಾದರೆ ಬೆರಳು ಬಿಟ್ಟದ್ದು ಕನ್ನಡಕದಿಂದಲೋ, ಬಿಸಿನೀರಿನಿಂದಲೋ ಎಂದು ಹೂವಪ್ಪ ಕೇಳುತ್ತಾರೆ. ಮೆಹನಾಜರಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಹೇಳುತ್ತಾರೆ. ವಿಜಯೇಂದ್ರರಿಗೂ ಇನ್ನೂ ಗೊತ್ತಿಲ್ಲ. ಅಂಕವನ್ನು ನಂಬಿ ಕೆಟ್ಟ ಮೇಲೆ ಯಾವುದನ್ನು ನಂಬಬೇಕು ಎಂಬುದೇ ಈ ಮನೆಯಲ್ಲಿ ಈಗ ಸ್ಪಷ್ಟವಿಲ್ಲ.

ಸ್ಪಷ್ಟವಿರುವುದು ದಿನಗಳು. ಪಾಳಿಯಲ್ಲಿ ಉಳಿದದ್ದು ಎರಡು ವಾರ. ಕಲ್ಲವ್ವನಿಗೆ ಇನ್ನಷ್ಟು ವಾರ ಕೊಡಿ, ತಪ್ಪು ನನ್ನದು ಎಂದು ಮೆಹನಾಜ ಸಂಸ್ಥೆಗೆ ಬರೆದಿದ್ದರು. ಸೋಮವಾರ ಉತ್ತರ ಬಂದಿದೆ. ಎಲ್ಲರಿಗೂ ಹನ್ನೆರಡೇ ವಾರ. ಮುಂದಿನ ಪಾಳಿ ಹೊಳೆಆಲೂರಿನ ಅನಂತ ಎಂಬ ಅಂಗಡಿಕಾರರದು. ಅವರಿಗೆ ಲಕ್ವಾ ಹೊಡೆದು ಎರಡು ತಿಂಗಳಾಗಿದೆ. ಅವರ ಆರು ತಿಂಗಳೂ ಓಡುತ್ತಿದೆ.

"ಅವರದ ಕಸ್ಗೊಂಡ ಇವರಿಗೆ ಕೊಡ್ರಿ ಅಂದಂಗ ಆತು. ಕೇಳಬಾರದಿತ್ತೋ ಏನೋ. ಕೇಳೇನಿ" ಎನ್ನುತ್ತಾರೆ ಮೆಹನಾಜ. ಕನ್ನಡಕವಿಲ್ಲದೆಯೂ ಕೈ ಆಡಿಸುವುದನ್ನು ಸೊಸೆ ಪೂಜಾಗೆ ಕಲಿಸುತ್ತಿದ್ದಾರೆ, ಕಲಸಿದ ಹಿಟ್ಟು ಮತ್ತು ಹಲಗೆ ಇಟ್ಟುಕೊಂಡು. ಅದಕ್ಕೆ ಅಂಕವಿಲ್ಲ, ಹುಬ್ಬಳ್ಳಿಗೂ ಅದು ಹೋಗುವುದಿಲ್ಲ.

ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರಬೇಕು ಎಂದು ಕೇಳಿದರೆ ಅವರು ಬಸ್ಸಿನ ದಾರಿ ನೋಡುತ್ತ, ಮೂರು ತಾಲ್ಲೂಕು, ಒಂಬತ್ತು ಮನೆ ಎಂಬುದೆಲ್ಲ ಬೇಡ ಎನ್ನುತ್ತಾರೆ. "ಬ್ಯಾರೆ ಕಡೆ ಈ ಚಾಳೀಸ ಹೊತ್ತ ತಿರಗೋರು ಓದ್ತಾರಲ್ರಿ, ಅವರ ಮೊದಲ ಕೈ ನೋಡ್ಲಿ. ಅದಕ್ಕ, ನನ್ನ ಕೈಲೆ ಹೋಗಿದ್ದ ಎಷ್ಟ ಅನ್ನೂದನ್ನ ಸರಿಯಾಗಿ ಬರೀರಿ."

ಹೋದದ್ದು ಏಳು ವಾರ. ಇಪ್ಪತ್ತೊಂದು ಭೇಟಿ. ಹದಿನಾಲ್ಕು ತಾಸು.