ಜೋಡಿ ಸಮಚಿಹ್ನೆಯ ತಪ್ಪು

ವಿಜಯಪುರ ಬಿಟ್ಟು ಬಂದ ಮೇಲೆ ಈ ಕೃಷ್ಣಮೂರ್ತಿಪುರಂನಲ್ಲಿ ನನ್ನೊಡನೆ ಕೂತು ಮಾತಾಡಿದವಳು ಮಹಡಿಯ ಬಾಡಿಗೆಯ ಶ್ವೇತಾ ಒಬ್ಬಳೇ. ಕಾಲೇಜಿಗಾಗಿ ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅವಳು ಬರೆದ ಪ್ರೋಗ್ರಾಂ, ತನಗೆ ಕೊಟ್ಟ ಸಾಲನ್ನು ಹೆಸರು, ಅಂಕಿ, ಚಿಹ್ನೆ ಎಂದು ಬಿಡಿಸಬೇಕಿತ್ತು. ಜೋಡಿ ಸಮಚಿಹ್ನೆ (==) ಮಾತ್ರ ಎರಡು ಒಂಟಿಗಳಾಗಿ ಒಡೆಯುತ್ತಿತ್ತು. ಯಾರಿಗಾದರೂ ವಿವರಿಸಿದರೆ ತಪ್ಪು ಸಿಗುತ್ತದೆಂದು ದಿನಾ ಸಂಜೆ ನನಗೆ ಓದಿ ಹೇಳುತ್ತಿದ್ದಳು. ಎರಡನೆಯ ಸಂಜೆಯೇ ನನಗೆ ತಪ್ಪು ಕಂಡಿತು. ಚಹಾ ಕೊಟ್ಟು ಸುಮ್ಮನಿದ್ದೆ.

ವಾರದ ಬಳಿಕ, "ನಾಳೆ ತೋರಿಸ್ಬೇಕು ಅಜ್ಜಿ, ಫೇಲಾಗ್ಬುಡ್ತೀನಿ" ಎಂದು ಅತ್ತಳು.

"ಒಂಟಿ ಚಿಹ್ನೆ ಹುಡುಕೋ ಸಾಲು ಮ್ಯಾಲ ಐತಲ್ಲವಾ, ಅದಕ್ಕ ಅದ ಮೊದಲ ಸಿಗತೈತಿ. ಜೋಡಿದನ್ನ ಮ್ಯಾಲ ಹಾಕು."

"ಅಯ್ಯೋ, ಮೊದ್ಲೇ ಹೇಳ್ಬಾರ್ದಿತ್ತಾ!"

ಪ್ರೋಗ್ರಾಂ ಸರಿಯಾಯಿತು, ಸಂಜೆಗಳು ಖಾಲಿಯಾದವು. ಅವಳ ಮುಂದಿನ ಪ್ರೋಗ್ರಾಮಿನಲ್ಲೂ ಒಂದು ಸಣ್ಣ ತಪ್ಪಿರಲಿ ಎಂದು ದೇವರನ್ನು ಕೇಳಿಕೊಳ್ಳುವುದು ನನ್ನ ವಯಸ್ಸಿಗೆ ಒಪ್ಪುವುದಿಲ್ಲ. ಆದರೂ ಕೇಳಿಕೊಳ್ಳುತ್ತಿದ್ದೇನೆ.