ಎರಡು ಸುಳಿಯ ತಲೆ

ಬೇರೆ ಕಟಿಂಗ್ ಶಾಪುಗಳಲ್ಲಿ ಕನ್ನಡಿಯ ಸುತ್ತ ಸಿನಿಮಾ ನಟರು ನಗುತ್ತಾ ನಿಂತಿರುತ್ತಾರೆ. ರೈಲ್ವೆ ಗೇಟಿನ ಪಕ್ಕದ ಈ ಅಂಗಡಿಯಲ್ಲಿ ಮಾತ್ರ ಟೋಪಿ ಹಾಕಿದ ಸಿಪಾಯಿಗಳು ಗಿರಾಕಿಯನ್ನೇ ದಿಟ್ಟಿಸಿ ನೋಡುತ್ತಿದ್ದರು. ಎಲ್ಲರೂ ಯುದ್ಧಕ್ಕೆ ಹೋಗಿ ತಿರುಗಿ ಬಾರದವರು. ಸತ್ತರೆನ್ನಲು ಹೆಣ ಸಿಕ್ಕಿಲ್ಲ, ಇದ್ದಾರೆನ್ನಲು ಸುದ್ದಿ ಬಂದಿಲ್ಲ. ಹೊಸ ಗಿರಾಕಿಗಳು ಕುರ್ಚಿಯಲ್ಲಿ ಸ್ವಲ್ಪ ಮುದುಡಿಕೊಳ್ಳುತ್ತಿದ್ದರು. ಹಳಬರಿಗೆ ಅದೂ ಒಂದು ತಮಾಷೆ.

"ಏನಪ್ಪಾ, ನಿನ್ನ ಕನ್ನಡೀಲಿ ನೋಡ್ಕೊಂಡ್ರೆ ನಾನೂ ಕಾಣೆಯಾದವನ ಥರಾನೇ ಕಾಣ್ತೀನಲ್ಲ!"

"ಹೆಂಡ್ತಿ ಹುಡುಕ್ಕೊಂಡು ಬರೋವರೆಗೂ ಇಲ್ಲೇ ಪೇಪರ್ ಓದ್ತಾ ಕೂತಿರ್ತೀಯ. ಇನ್ನು ಹೇಗೆ ಕಾಣ್ತೀಯ?" ಎನ್ನುತ್ತಿದ್ದ ಕ್ಷೌರಿಕ.

ಅವನೂ ಸೈನ್ಯದಲ್ಲಿದ್ದವನೇ. ಬಂದೂಕಿಗಿಂತ ಕತ್ತರಿ ಹಿಡಿದದ್ದೇ ಹೆಚ್ಚು. ತುಕಡಿಯಲ್ಲಿ ಎಂಥ ಗಂಡೆದೆಯವನಾದರೂ ಹದಿನೈದು ದಿನಕ್ಕೊಮ್ಮೆ ಇವನ ಮುಂದೆ ತಲೆ ತಗ್ಗಿಸಲೇಬೇಕಿತ್ತು. ಆ ತಲೆಗಳಲ್ಲೆಲ್ಲ ಅವನಿಗೆ ಪ್ರೀತಿಯ ತಲೆಯೆಂದರೆ ಕೊಕ್ಕರೆಯದು. ಉದ್ದ ಕತ್ತಿನ ಆ ಹುಡುಗನಿಗೆ ಯಾರೋ ಇಟ್ಟ ಹೆಸರು ಹಾಗೇ ನಿಂತುಬಿಟ್ಟಿತ್ತು. ಅವನ ನೆತ್ತಿಯ ಮೇಲೆ ಅಕ್ಕಪಕ್ಕ ಎರಡು ಸುಳಿ. ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ. ನಡುವಿನ ಕೂದಲು ಯಾವ ಬಾಚಣಿಗೆಗೂ ಬಗ್ಗುತ್ತಿರಲಿಲ್ಲ. ಎರಡು ಸುಳಿಯವನಿಗೆ ಎರಡು ಮದುವೆ ಎಂಬ ಮಾತು ಯಾರಿಗೆ ಗೊತ್ತಿಲ್ಲ? ತುಕಡಿಯವರೆಲ್ಲ ರೇಗಿಸಿದ್ದೇ ರೇಗಿಸಿದ್ದು.

"ಎರಡನೇವಳು ಯಾರೋ, ಕೊಕ್ಕರೆ?"

"ಇವಳನ್ನೇ ಇನ್ನೊಂದ್ಸಲ ಆಗ್ತೀನಿ," ಎನ್ನುತ್ತಿದ್ದ ಅವನು. "ಮೊದಲ್ನೇ ಸಲ ರಜೆ ಸಾಲ್ಲಿಲ್ಲ."

ಆಮೇಲೆ ಒಂದು ದಿನ ಬೆಟ್ಟದ ಮೇಲಿನ ಠಾಣೆ ಕೈತಪ್ಪಿತು. ಹಿಂದೆ ಸರಿಯಲು ಆದೇಶ ಬಂದಾಗ ಗಾಯಗೊಂಡವರ ಜೊತೆ ಉಳಿದವರಲ್ಲಿ ಕೊಕ್ಕರೆಯೂ ಒಬ್ಬ. "ನಡೀರಿ, ಹಿಂದೇನೇ ಬಂದೆ," ಎಂದಿದ್ದ. ಹದಿನೆಂಟು ವರ್ಷವಾಯಿತು, ಇನ್ನೂ ಬರುತ್ತಲೇ ಇದ್ದಾನೆ.

ಯುದ್ಧ ಮುಗಿದ ಮೇಲೆ ಸರ್ಕಾರ ಅವರನ್ನೆಲ್ಲ 'ಮೃತರೆಂದು ಭಾವಿಸಲಾಗಿದೆ' ಎಂದಿತು. ಕ್ಷೌರಿಕನಿಗೆ ಮೈಯೆಲ್ಲ ಉರಿದುಹೋಯಿತು. "ಭಾವಿಸೋಕೆ ಇವರ್ಯಾರು? ಬದುಕಿದ್ದವನಿಗೆ ಎಳ್ಳುನೀರು ಬಿಡ್ತಾರಾ?" ವಾಪಸು ಬಂದವರು ಸೇರಿ ಒಂದು ಸಂಘ ಕಟ್ಟಿದರು. ಅದಕ್ಕೆ ಅಧ್ಯಕ್ಷ ಫಿರಂಗಿ. ದೊಡ್ಡ ತೋಪುಗಳ ಪಕ್ಕ ನಿಂತು ನಿಂತು ಕಿವಿ ಮಂದವಾಗಿ, ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳಿಸುವ ಗಂಟಲಿನ ಮನುಷ್ಯ. ಪ್ರತಿ ಶನಿವಾರ ದೊಡ್ಡ ಕಚೇರಿಯ ಎದುರಿನ ಫುಟ್‌ಪಾತಿನ ಮೇಲೆ ಫೋಟೋ ಹಿಡಿದು ಕೂರುವುದು, ಬಂದ ಮಂತ್ರಿಗಳಿಗೆಲ್ಲ ಮನವಿ ಕೊಡುವುದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಿತ್ತು. ಆದರೂ ಬಾರಿಸಿದರು. ಮಳೆಯಲ್ಲೂ ಬಾರಿಸಿದರು.

ಕೊಕ್ಕರೆಯ ಹೆಂಡತಿ ಶಿಶುವಿಹಾರದ ಟೀಚರಮ್ಮ. ಶನಿವಾರ ಮಕ್ಕಳನ್ನು ಮನೆಗೆ ಕಳಿಸಿ, ಕೈಗಂಟಿದ ಬಣ್ಣವನ್ನೂ ತೊಳೆಯದೆ ಫುಟ್‌ಪಾತಿಗೆ ಬರುತ್ತಿದ್ದಳು. ಗಂಡನ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೊಮ್ಮೆ ಮಾತ್ರ ಕ್ಷೌರಿಕನ ಪಕ್ಕ ಕೂತು, "ಅಣ್ಣಾ, ಅಲ್ಲಿ ಅವರಿಗೆ ಕೂದಲು ಕತ್ತರಿಸೋರು ಯಾರಾದ್ರೂ ಇರ್ತಾರಾ?" ಎಂದು ಕೇಳುತ್ತಿದ್ದಳು.

"ಎಲ್ಲಿ ತಲೆ ಇರುತ್ತೋ ಅಲ್ಲಿ ನಮ್ಮವನೊಬ್ಬ ಇದ್ದೇ ಇರ್ತಾನೆ, ತಂಗಿ."

ಹೇಳಿದ್ದು ಸಮಾಧಾನಕ್ಕೆ. ಆದರೆ ಅವನಿಗೂ ಅದೇ ಆಸೆ. ಗಡಿಯಾಚೆಯ ಯಾವುದೋ ಜೈಲಿನಲ್ಲಿ ಯಾವನೋ ಒಬ್ಬ ಕ್ಷೌರಿಕ ಆ ಎರಡು ಸುಳಿ ನೋಡಿ ನಕ್ಕಿರಬೇಕು, ಎರಡನೇವಳು ಯಾರೆಂದು ಕೇಳಿರಬೇಕು. ಗೆಳೆಯನನ್ನು ನೆನೆದಾಗಲೆಲ್ಲ ಅವನ ಬೆರಳುಗಳು ಕತ್ತರಿ ಹಿಡಿದಂತೆ ಸುಮ್ಮನೆ ಗಾಳಿಯಲ್ಲಿ ಆಡುತ್ತಿದ್ದವು.

ಕೊನೆಗೆ ಕೋಣವೂ ಕಿವಿ ಅಲ್ಲಾಡಿಸಿತು. ಎರಡೂ ದೇಶಗಳು ಮಾತಾಡಿ, ಏಳು ಮಂದಿ ಕೈದಿಗಳು ಗಡಿಯ ಈಚೆಗೆ ಬಂದರು. ಆರು ಜನ ತಮ್ಮ ಹೆಸರು ಹೇಳಿ ಮನೆ ಸೇರಿದರು. ಅವರಲ್ಲಿ ಒಬ್ಬನೂ ಈ ಕನ್ನಡಿಯ ಸುತ್ತಲಿನವನಲ್ಲ. ಏಳನೆಯವನಿಗೆ ತನ್ನ ಹೆಸರೇ ನೆನಪಿದ್ದಂತಿರಲಿಲ್ಲ, ಬಾಯಿಯೂ ಬಿಡುತ್ತಿರಲಿಲ್ಲ. ಮುಖದ ಅರ್ಧ ಸುಟ್ಟು ಸುಕ್ಕಾಗಿತ್ತು. ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ನರ್ಸುಗಳು ಮುಟ್ಟಲು ಹೋದರೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಳ್ಳುತ್ತಿದ್ದ. ಕತ್ತು ಉದ್ದ, ಎತ್ತರವೂ ಸರಿ, ಕಣ್ಣು ಕೊಕ್ಕರೆಯ ಕಣ್ಣಿನಂತೆಯೇ ಕಂದು. ರಕ್ತ ಪರೀಕ್ಷೆ ಮಾಡಿ ಹೋಲಿಸೋಣವೆಂದರೆ ಕೊಕ್ಕರೆಯ ಹೆತ್ತವರು ತೀರಿಹೋಗಿದ್ದರು, ಒಡಹುಟ್ಟಿದವರಾಗಲಿ ಮಕ್ಕಳಾಗಲಿ ಇಲ್ಲ. "ಇವರೇ ಇರಬಹುದು," ಎಂದರು ಆಸ್ಪತ್ರೆಯವರು.

ಟೀಚರಮ್ಮ ನಾಲ್ಕು ದಿನ ಹೋಗಿ ಅವನ ಎದುರು ಕೂತು ಬಂದಳು. ಐದನೆಯ ದಿನ ಅಂಗಡಿಗೆ ಬಂದಳು.

"ಅಣ್ಣಾ, ಆ ಟೋಪಿ ತೆಗೆಯೋಕೆ ನನ್ನ ಕೈ ಹೋಗ್ತಿಲ್ಲ. ನೀನೇ ಬಾ. ಅವರ ಕೂದಲು ಕತ್ತರಿಸು. ನಾನು ನೋಡಲ್ಲ. ನೀನು ಏನು ಹೇಳ್ತೀಯೋ ಅದನ್ನೇ ನಂಬ್ತೀನಿ."

ಇಷ್ಟು ದೊಡ್ಡ ಮಾತನ್ನು ಯಾರ ಮೇಲೂ ಹೊರಿಸಬಾರದು. ಹೊರಿಸಿದಳು, ಪಾಪ, ಇನ್ನೇನು ಮಾಡಿಯಾಳು?

ಆಸ್ಪತ್ರೆಯ ಮೆಟ್ಟಿಲ ಬಳಿ ಫಿರಂಗಿ ಕ್ಷೌರಿಕನನ್ನು ಪಕ್ಕಕ್ಕೆ ಎಳೆದ. ಈ ಸಲ ಮಾತ್ರ ಅವನ ಪಿಸುಮಾತು ಪಿಸುಮಾತಾಗಿಯೇ ಇತ್ತು.

"ನೋಡು, ನೀನು ಹೌದು ಅಂದ್ರೆ ಹೌದು. ಅವನಿಗೊಂದು ಮನೆ ಆಗುತ್ತೆ, ಅವಳಿಗೊಂದು ಜೀವ ಜೊತೆಗಾಗುತ್ತೆ. ಹದಿನೆಂಟು ವರ್ಷದಲ್ಲಿ ನಾವೂ ಒಬ್ಬನನ್ನ ತಂದ ಹಾಗಾಗುತ್ತೆ. ಯಾರಿಗೆ ನಷ್ಟ ಹೇಳು?"

ಕ್ಷೌರಿಕ ಕತ್ತರಿಯ ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ. ಅವನ ಮನಸ್ಸೂ ದಾರಿಯುದ್ದಕ್ಕೂ ಅದನ್ನೇ ಕೇಳುತ್ತಾ ಬಂದಿತ್ತು.

ವಾರ್ಡಿನಲ್ಲಿ ಟೀಚರಮ್ಮ ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಕ್ಷೌರಿಕ ಸ್ಟೂಲು ಎಳೆದು, ಬಿಳಿ ಬಟ್ಟೆಯನ್ನು ಒಂದು ಸಲ ಕೊಡವಿದ. ಆ ಸದ್ದಿಗೆ ಹಾಸಿಗೆಯ ಮೇಲಿನ ಮನುಷ್ಯ ತಲೆಯೆತ್ತಿ ನೋಡಿದ. ತಾನಾಗಿ ಎದ್ದುಬಂದು ಸ್ಟೂಲಿನ ಮೇಲೆ ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕತ್ತು ಬಗ್ಗಿಸಿದ. ಬಾಗಿಲಲ್ಲಿದ್ದ ನರ್ಸ್ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಕೂದಲು ಜಡೆಗಟ್ಟಿ ಗಂಟುಗಂಟಾಗಿತ್ತು. ಕ್ಷೌರಿಕ ಕುತ್ತಿಗೆಯ ಹಿಂದಿನಿಂದ ಶುರುಮಾಡಿದ. ಆಮೇಲೆ ಎಡಬದಿ, ಆಮೇಲೆ ಬಲಬದಿ. ಯಾವಾಗಲೂ ನೆತ್ತಿಯಿಂದ ಕೆಲಸ ಶುರುಮಾಡುವವನು ಈವತ್ತು ನೆತ್ತಿಯ ಸುತ್ತಮುತ್ತಲೇ ಸುತ್ತಿದ. ಅಲ್ಲಿ ಕತ್ತರಿ ಆಡುವವರೆಗೂ ಅದು ಕೊಕ್ಕರೆಯ ತಲೆಯೇ ಅಲ್ಲವೇ? ಹದಿನೆಂಟು ವರ್ಷದ ಮೇಲೆ ಗೆಳೆಯ ಕೈಗೆ ಸಿಕ್ಕಿದ್ದ. ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನಿಸಿತು. ಆದರೆ ಕೂದಲಿಗೂ ಒಂದು ಕೊನೆಯಿದೆ. ನೀರು ಚಿಮುಕಿಸಿ, ಉಳಿದ ಗಂಟು ಕತ್ತರಿಸಿ, ಬಾಚಿದ.

ಒಂದೇ ಸುಳಿ.

ಮತ್ತೆ ಒದ್ದೆ ಮಾಡಿ ಬಾಚಿದ. ಬೆರಳಿಂದ ಸವರಿ ನೋಡಿದ. ಕೂದಲು ಬಾಚಣಿಗೆ ಹೇಳಿದ ಕಡೆ ಸುಮ್ಮನೆ ಮಲಗಿತು. ಕೊಕ್ಕರೆ ಇನ್ನೊಂದು ಸಲ ಕೈಬಿಟ್ಟು ಹೋದ.

ಕತ್ತರಿಯ ಸದ್ದು ನಿಂತದ್ದು ಎಲ್ಲರಿಗೂ ಕೇಳಿಸಿತು. ಬಾಗಿಲಲ್ಲಿದ್ದ ಫಿರಂಗಿ ಹೌದೆನ್ನು ಎಂಬಂತೆ ತಲೆಯಾಡಿಸಿದ. ಕಿಟಕಿಯ ಸರಳು ಹಿಡಿದಿದ್ದ ಟೀಚರಮ್ಮನ ಬೆರಳುಗಳು ಬೆಳ್ಳಗಾಗಿದ್ದವು. ಎಂಥ ಸಣ್ಣ ಮಾತು, 'ಹೌದು'! ಅದು ಕ್ಷೌರಿಕನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

ಆಗ ಬಗ್ಗಿದ್ದ ತಲೆಯ ಕೆಳಗಿನಿಂದ ತುಕ್ಕು ಹಿಡಿದಂಥ ಒಂದು ದನಿ ಕೇಳಿಸಿತು.

"ಕಿವಿ ಮೇಲೆ ಇನ್ನೂ ಸ್ವಲ್ಪ ತೆಗೀರಿ. ಉದ್ದ ಬಿಟ್ರೆ ಮನೇಲಿ ಬೈತಾಳೆ."

ಟೀಚರಮ್ಮ ಗಕ್ಕನೆ ತಿರುಗಿದಳು. ಮುಖದಲ್ಲಿ ಹೊಸ ಮದುವಣಗಿತ್ತಿಯ ಕಳೆ. ಅವಳು ಗಂಡನನ್ನು ಕೂದಲಿಗಾಗಿ ಒಂದು ದಿನವೂ ಬೈದಿರಲಿಲ್ಲ. ಬೈಯುವಷ್ಟು ದಿನ ಅವನು ಮನೆಯಲ್ಲಿ ಇರಲೂ ಇಲ್ಲ. ಅದು ಅವಳಿಗೂ ಗೊತ್ತು. ಆದರೂ ಕಣ್ಣಲ್ಲೇ ಕ್ಷೌರಿಕನನ್ನು ಬೇಡಿಕೊಂಡಳು, ಹೌದು ಅನ್ನು ಅಣ್ಣಾ ಎಂದು.

ಬೈಯಲು ಎಲ್ಲೋ ಒಬ್ಬಳು ಕಾಯುತ್ತಿದ್ದಾಳೆ. ಇವಳ ಹಾಗೆಯೇ ಯಾವುದೋ ಕಚೇರಿಯೆದುರು ಈ ಮನುಷ್ಯನ ಫೋಟೋ ಹಿಡಿದು ಕೂತಿದ್ದಾಳೆ. ಈಗ 'ಹೌದು' ಅಂದರೆ ಅವಳ ಪಾಲಿಗೆ ಇವನು ಇನ್ನೆಂದಿಗೂ ಸಿಗುವುದಿಲ್ಲ. ಕ್ಷೌರಿಕ ಬಾಚಣಿಗೆ ಕೆಳಗಿಟ್ಟ.

"ಒಂದೇ ಸುಳಿ, ತಂಗಿ."

ಟೀಚರಮ್ಮ ಗೋಡೆಗೊರಗಿ ಕುಸಿದು ಕೂತಳು. ಹದಿನೆಂಟು ವರ್ಷ ಫುಟ್‌ಪಾತಿನ ಮೇಲೆ ಅಳದವಳು ಈಗ ಅತ್ತಳು. ಫಿರಂಗಿ ಹೊರಗೆ ನಡೆದ. ಸ್ಟೂಲಿನ ಮೇಲಿದ್ದವನು ಯಾರು ಯಾಕೆ ಅಳುತ್ತಾರೆಂದು ತಿಳಿಯದೆ, ತಾನೇನೋ ತಪ್ಪು ಮಾಡಿದವನಂತೆ ಟೋಪಿಗೆ ಕೈ ಹಾಕಿದ.

ಅದನ್ನು ನೋಡಿ ಅವಳು ಎದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದು, ಅವನ ಕೈಯಿಂದ ಮೆಲ್ಲಗೆ ಟೋಪಿ ತೆಗೆದುಕೊಂಡಳು. ಭುಜದ ಮೇಲೆ ಬಿದ್ದಿದ್ದ ಕೂದಲನ್ನು ಕೊಡವಿದಳು.

"ಫೋಟೋ ತೆಗೆಸ್ಬೇಕು ಇವರದ್ದು," ಎಂದಳು. "ನಿಲ್ಲಿಸ್ಬೇಡ ಅಣ್ಣಾ, ಕಿವಿ ಮೇಲೆ ಚೆನ್ನಾಗಿ ತೆಗಿ. ಅವಳು ನೋಡಿದ ತಕ್ಷಣ ಗುರುತು ಹಿಡೀಬೇಕು."